ಸಾತಲಿಂಗಪ್ಪ ಪಡಸಾಲೆಗೆ ನದಿ ತಂದದ್ದು

"ಸೊಲ್ಲಾಪುರಕ್ಕ ನದಿ ಇಲ್ಲ ಅಂತ ಅತ್ತಿದ್ದು ಸಾಕು! ಇನ್ನ ಹದಿನೈದು ದಿನದಾಗ ನದೀನ್ನ ನಮ್ಮ ಪಡಸಾಲಿಗೇ ತರ್ತೀನಿ. ಹರಿಯೂ ನದಿ! ಮೀನ ಇರೂ ನದಿ!"

ಚಾದರಿನ ವ್ಯಾಪಾರಿ ಸಾತಲಿಂಗಪ್ಪ ಎಪ್ಪತ್ತೆಂಟನೆಯ ಇಸವಿಯ ಮಾಘ ಮಾಸದ ಒಂದು ಮಧ್ಯಾಹ್ನ, ತಾಟಿನಲ್ಲಿದ್ದ ಶೇಂಗಾ ಹಿಂಡಿ ಚಟ್ನಿಗೆ ಮೊಸರು ಕಲಸುತ್ತ, ಹೀಗೆಂದು ಘೋಷಿಸಿದ. ಗಂಗೆಯನ್ನು ತರಲು ಭಗೀರಥ ಎಷ್ಟೋ ವರ್ಷ ತಪಸ್ಸು ಮಾಡಿದನಂತೆ. ಸಾತಲಿಂಗಪ್ಪನಿಗೆ ಅಷ್ಟು ಪುರಸೊತ್ತು ಎಲ್ಲಿ? ಅಂಗಡಿ ಇತ್ತಲ್ಲ!

ಹೆಂಡತಿ ನೀಲಗಂಗಾ ಎರಡನೆಯ ರೊಟ್ಟಿಯನ್ನು ತಾಟಿಗೆ ಹಾಕುತ್ತ ತಣ್ಣಗೆ ಅಂದಳು: "ನದಿ ಆಮ್ಯಾಲ ಬರ್ಲಿ. ಮೊದಲ ಹಿತ್ತಲದಾಗಿನ ತೋಟಿ ರಿಪೇರಿ ಮಾಡಸ್ರಿ."

ಈ ತೋಟಿಯ ಸಂಗತಿ ಇಲ್ಲೇ ಹೇಳಿಬಿಡಬೇಕು. ಊರಿನ ನಳಕ್ಕೆ ಆಗ ದಿನಕ್ಕೆ ಒಂದೇ ತಾಸು ನೀರು. ಆ ತಾಸಿನಲ್ಲಿ ಹಿಡಿದದ್ದನ್ನೆಲ್ಲ ಹಿತ್ತಲಿನ ಸಿಮೆಂಟಿನ ಟಾಕಿಯಲ್ಲಿ ತುಂಬಿಡುವುದು ಮನೆಯ ಪದ್ಧತಿ. ಟಾಕಿಯ ಬುಡದಲ್ಲಿದ್ದ ಹಿತ್ತಾಳೆಯ ತೋಟಿ ದಸರೆಯಿಂದಲೇ ಸೋರುತ್ತಿತ್ತು. ಅದರ ಕೆಳಗೊಂದು ಕಲ್ಲುಬಾನಿ. ಎಮ್ಮೆ ಕಟ್ಟಿದ್ದ ಕಾಲದಲ್ಲಿ ಅದಕ್ಕೆ ನೀರು ಕುಡಿಸಲು ಇಟ್ಟದ್ದು. ಎಮ್ಮೆ ಮಾರಿ ನಾಲ್ಕು ವರ್ಷವಾಗಿತ್ತು. ತೋಟಿಯ ಸಣ್ಣ ಧಾರೆ ಹಗಲಿರುಳೆನ್ನದೆ ಬಾನಿಗೆ ಬಿದ್ದು, ತುಂಬಿ, ಅಂಚಿನಿಂದ ಹರಿದು ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಬಾನಿಯ ಒಳಗೆಲ್ಲ ದಪ್ಪ ಪಾಚಿ. "ನೀವು ತೋಟಿ ರಿಪೇರಿ ಮಾಡಸೂತನಕ ನಾ ಆ ಬಾನಿ ತಿಕ್ಕಂಗಿಲ್ಲ" ಎಂದು ನೀಲಗಂಗಾ ಹಟ ಹಿಡಿದಿದ್ದಳು. "ನೀ ಮೊದಲ ಬಾನಿ ತಿಕ್ಕು, ಆಮ್ಯಾಲ ನೋಡೂಣು" ಎಂದು ಗಂಡನ ಹಟ. ಹೀಗೆ ಐದು ತಿಂಗಳಿಂದ ತೋಟಿ ಸೋರುತ್ತಿತ್ತು, ಪಾಚಿ ಬೆಳೆಯುತ್ತಿತ್ತು, ಸಂಸಾರ ನಡೆಯುತ್ತಿತ್ತು.

ಸಾತಲಿಂಗಪ್ಪನ ತಲೆಗೆ ನದಿ ಹೊಕ್ಕದ್ದು ಸಿಟ್ಟಿನಿಂದ. ಸಿಟ್ಟು ಬರಿಸಿದವನು ಮಲಕಾಜಪ್ಪ. ಚಾಟಿ ಗಲ್ಲಿಯಲ್ಲಿ ಸಾತಲಿಂಗಪ್ಪನ ಅಂಗಡಿಗೆ ಅಂಟಿಕೊಂಡೇ ಅವನ ಅಂಗಡಿ. ಇಬ್ಬರೂ ಒಂದೇ ಸಾಲೆಯಲ್ಲಿ ಒಂದೇ ಮಾಸ್ತರರಿಂದ ಏಟು ತಿಂದವರು, ಈಗ ಒಂದೇ ಬಗೆಯ ಚಾದರು ಮಾರುವವರು. ಸಂಕ್ರಾಂತಿಗೆ ಪುಣೆಗೆ ಹೋಗಿದ್ದ ಮಲಕಾಜಪ್ಪ ಒಂದು ದುಂಡನೆಯ ಗಾಜಿನ ಭರಣಿ, ಅದರಲ್ಲಿ ಎರಡು ಕೆಂಪು ಮೀನು ತಂದು ಗಾದಿಯ ಪಕ್ಕದಲ್ಲಿಟ್ಟ. ಆಯಿತು! ಹೋಟಗಿಯಿಂದ ಬಂದ ಗಿರಾಕಿ, ಮಂದ್ರೂಪದಿಂದ ಬಂದ ಗಿರಾಕಿ, ಮದುವೆಗೆ ಇಪ್ಪತ್ತು ಚಾದರು ಬೇಕಾದ ಗಿರಾಕಿ, ಎಲ್ಲರೂ ಮೊದಲು ಮೀನು ನೋಡಲು ಅಲ್ಲಿ ಹತ್ತತೊಡಗಿದರು. ಹತ್ತಿದವರು ಇಳಿಯುವಾಗ ಬಗಲಲ್ಲಿ ಚಾದರು!

"ನಿಂತ ನೀರಾಗ ಬಾಯಿ ತಗದು ಮುಚ್ಚೂ ಎರಡು ಮೀನ! ಅದನ್ನ ನೋಡಿ ಚಾದರಾ ಖರೀದಿ ಮಾಡ್ತಾರಂದ್ರ ಈ ಊರಿನ ಮಂದಿಗಿ ಏನ ಹೇಳಬೇಕು?" ಎಂದು ಸಾತಲಿಂಗಪ್ಪ ಕುದಿಯುತ್ತಿದ್ದ. ನೀವೇ ಹೇಳಿ, ಎರಡು ತಲೆಮಾರಿನಿಂದ ನೂಲಿನ ಎಳೆ ಎಣಿಸಿ ಮಾಲು ಕೊಟ್ಟ ಮನೆತನ. ಸಿಟ್ಟು ಬರದೇ ಇದ್ದೀತೇ?

ಈ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನು ಪಂಚಗಣಿಯ ಒಂದು ಲಾಜಿಂಗಿಗೆ ಚಾದರು ಮುಟ್ಟಿಸಲು ಹೋದ. ಅಲ್ಲಿ ಘಟ್ಟದ ಕೆಳಗೆ ಒಂದು ಹಳ್ಳ. ಕಾಲು ತೊಳೆಯಲು ಇಳಿದವನು ನೋಡಿದರೆ, ಹಳ್ಳದ ನೀರು ಕಲ್ಲಿನ ಮೇಲೆ ರಭಸದಿಂದ ಬೀಳುತ್ತಿದೆ, ಆ ಕಲ್ಲಿಗೆ ಬೆರಳುದ್ದದ ಚಪ್ಪಟೆ ಮೀನುಗಳು ಹೊಟ್ಟೆ ಒತ್ತಿಕೊಂಡು ಅಂಟಿ ಕೂತಿವೆ! ನೀರು ಎಷ್ಟು ನೂಕಿದರೂ ಕೂತ ಜಾಗ ಬಿಡುತ್ತಿಲ್ಲ. ಸಾತಲಿಂಗಪ್ಪನ ಕಣ್ಣು ಒದ್ದೆಯಾಯಿತು. "ಭಲೆ! ಇದು ಮೀನ ಅಂದ್ರ! ಗಾದಿ ಬಿಡಂಗಿಲ್ಲ ಅಂದ್ರ ಬಿಡಂಗಿಲ್ಲ!" ಎಂದ.

ಅಲ್ಲಿ ದನ ಮೇಯಿಸುತ್ತಿದ್ದ ಮುದುಕನೊಬ್ಬ ಎಂಟು ಮೀನು ಹಿಡಿದುಕೊಟ್ಟು ಮರಾಠಿಯಲ್ಲಿ ಎರಡು ಮಾತು ಹೇಳಿದ. ಒಂದು, "ಶೇವಾಳ ಖಾತಾತ ಶೇಠ, ಭಾಕರಿ ನಾಹಿ." ಅಂದರೆ ಇವುಗಳ ಊಟ ಪಾಚಿ, ರೊಟ್ಟಿಯಲ್ಲ. ಎರಡು, ತಣ್ಣನೆಯ ಹೊಸ ನೀರು ಸದಾ ಹರಿಯುತ್ತಿದ್ದರೆ ಮಳೆಗಾಲದಲ್ಲಿ ಮರಿಯಾಗುತ್ತವೆ. ಅವಕ್ಕೆ ಏನು ಹೆಸರೋ ಮುದುಕನೂ ಹೇಳಲಿಲ್ಲ. ಸಾತಲಿಂಗಪ್ಪನೇ 'ಕಲ್ಲಂಟಿ' ಎಂದು ನಾಮಕರಣ ಮಾಡಿದ.

ನಿಂತ ನೀರಿನಲ್ಲಿ ಕಲ್ಲಂಟಿ ಬದುಕುವುದಿಲ್ಲವಲ್ಲ! ಹಾಲಿನ ಕ್ಯಾನಿನಲ್ಲಿ ಮೀನು ತುಂಬಿ ಎಸ್‌ಟಿ ಬಸ್ಸು ಹತ್ತಿದವನು ಸಾತಾರೆಯಿಂದ ಸೊಲ್ಲಾಪುರದವರೆಗೆ ಕ್ಯಾನಿನೊಳಗೆ ಕೈ ಇಟ್ಟು ನೀರು ತಿರುವುತ್ತಲೇ ಕೂತ. ಎಡಗೈ ಸೋತರೆ ಬಲಗೈ, ಬಲಗೈ ಸೋತರೆ ಎಡಗೈ. ಪಂಢರಪುರ ದಾಟಿದ ಮೇಲೆ ಕಂಡಕ್ಟರಿಗೆ ತಡೆಯಲಾಗಲಿಲ್ಲ. "ಅಹೋ ಶೇಠ, ದೂಧಾತ ಹಾತ ಘಾಲೂ ನಕಾ, ಫಾಟೇಲ!" ಎಂದು, ಹಾಲು ಒಡೆದೀತೆಂಬ ಕಾಳಜಿಯಿಂದ ಬೈದ. ಸಾತಲಿಂಗಪ್ಪ ಮುಚ್ಚಳ ಸರಿಸಿ ತೋರಿಸಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೋದಳು. ಒಳ್ಳೆಯದೇ ಆಯಿತು, ಕ್ಯಾನಿಗೆ ಸೀಟು ಸಿಕ್ಕಿತು.

ಮನೆಗೆ ಬಂದಾಗ ಬಾಗಿಲಲ್ಲೇ ತಾಯಿ ಗಿರಿಜಾಬಾಯಿ ಅಡ್ಡ ನಿಂತಳು. "ಲಿಂಗವಂತರ ಮನ್ಯಾಗ ಮೀನಾ? ನಿಮ್ಮಪ್ಪ ಇದ್ರ ಏನಂತಿದ್ದ?"

"ಯವ್ವಾ, ಇವು ನಮಗಿಂತ ಕಡಕ್ ಶಾಕಾಹಾರಿ. ಬರೇ ಪಾಚಿ ತಿಂತಾವ. ಉಳ್ಳಾಗಡ್ಡಿ ಸೈತ ಮುಟ್ಟಂಗಿಲ್ಲ!"

ಗಿರಿಜಾಬಾಯಿ ಕ್ಯಾನಿನೊಳಗೆ ಬಗ್ಗಿ ನೋಡಿ, "ಹಂಗಾರ ಬರ್ಲಿ ಬಿಡು" ಎಂದಳು. ಹೀಗೆ ಎಂಟು ಮೀನು ಉಳ್ಳಾಗಡ್ಡಿಯ ಬಲದಿಂದ ಮನೆಯೊಳಗೆ ಬಂದವು.

ನದಿ ಕಟ್ಟುವ ಕೆಲಸ ಶುರುವಾಯಿತು. ಅಂಗಡಿಯ ಹಳೆಯ ಶೋಕೇಸು, ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆ, ಪಡಸಾಲೆಗೆ ಬಂತು. ಸಂದಿಗಳಿಗೆ ಡಾಂಬರು. ತಳಕ್ಕೆ ಸೀನಾ ನದಿಯಿಂದ ತರಿಸಿದ ಹನ್ನೆರಡು ದುಂಡು ಕಲ್ಲು. ಒಂದು ಕಡೆಯಿಂದ ನೀರು ಒಳಗೆ ಬೀಳಬೇಕು, ಇನ್ನೊಂದು ಕಡೆಯಿಂದ ಕೆಳಗಿನ ಬಕೆಟ್ಟಿಗೆ ಹೋಗಬೇಕು. ಬಕೆಟ್ಟಿನಲ್ಲಿ ಕೂತ ಕೂಲರಿನ ಮೋಟಾರು ಅದನ್ನು ರಬ್ಬರು ನಳಿಕೆಯಿಂದ ಮತ್ತೆ ಮೇಲಕ್ಕೆ ನೂಕಬೇಕು. ಮೊದಲ ದಿನ ಸ್ವಿಚ್ಚು ಒತ್ತಿದ ಕೂಡಲೇ ನಳಿಕೆ ಕಳಚಿ, ನದಿ ಪಡಸಾಲೆ ದಾಟಿ ಅಡುಗೆಮನೆಗೆ ಹೋಗಿ, ರೊಟ್ಟಿಯ ಬುಟ್ಟಿಯಲ್ಲಿ ಸಂಗಮವಾಯಿತು.

"ಇರಲಾರದೆ ಇರಿವಿ ಬಿಟಗೊಂಡ್ರಂತ! ಊರ ಮಂದಿ ನಳದ ಮುಂದ ಕೊಡಕ್ಕ ಕೊಡ ಬಡದಾಡಾಕತ್ತಾರ, ನಿಮಗ ನದಿ!" ಎಂದು ನೀಲಗಂಗಾ ನೆನೆದ ರೊಟ್ಟಿ ಹಿಂಡುತ್ತ ಕೂಗಿದಳು.

ಎರಡನೆಯ ದಿನ ನದಿ ಸರಿಯಾಗಿ ಹರಿಯಿತು. ಅದೊಂದು ನೋಟ ಸುಳ್ಳಲ್ಲ. ನೀರು ಜುಳುಜುಳು, ಕಲ್ಲಿನ ಮೇಲೆ ಎಂಟು ಮೀನು ಎದೆ ಕೊಟ್ಟು ಕೂತದ್ದು, ಗಾಜಿಗೆ ಅಂಟಿದಾಗ ಅವುಗಳ ಬೆಳ್ಳನೆಯ ಹೊಟ್ಟೆ ಕಾಣುವುದು! ಸಾತಲಿಂಗಪ್ಪ ಚಾಟಿ ಗಲ್ಲಿಯ ಅರ್ಧ ವ್ಯಾಪಾರಿಗಳನ್ನು ಕರೆತಂದ. ಮಲಕಾಜಪ್ಪನೂ ಬಂದ. ಬಹಳ ಹೊತ್ತು ನೋಡಿ, "ಛಲೋ ಅದಾವ. ಆದ್ರ ತಂದ ಮೀನ ಸಾಕೂದು ಏನ ದೊಡ್ಡದು? ಮರಿ ಮಾಡಿಸಿ ತೋರಸು" ಎಂದ.

"ಮಾಡಸ್ತೀನಿ! ನಾಗರಪಂಚಮಿ ಒಳಗ ನನ್ನ ಈ ನದ್ಯಾಗ ಮರಿ ಹುಟ್ಟದಿದ್ರ, ನಿನ್ನ ಅಂಗಡಿ ಚಾದರಾ ಹೊತಗೊಂಡು ಇಡೀ ಚಾಟಿ ಗಲ್ಲಿ ತಿರಗತೀನಿ!"

ನೋಡುತ್ತಿದ್ದವರು ಮುಂದೆ ಒತ್ತಿಕೊಂಡು ಬಂದರು. ಚಾದರಿನ ವ್ಯಾಪಾರಿ ಎದುರಾಳಿಯ ಚಾದರು ಹೊದ್ದು ಬಜಾರಿನಲ್ಲಿ ತಿರುಗುವುದೆಂದರೆ ಆ ಮೇಲೆ ಅವನು ಅಂಗಡಿಯ ಬಾಗಿಲು ಯಾವ ಮುಖದಿಂದ ತೆರೆಯಬೇಕು? ಮಲಕಾಜಪ್ಪನೂ ಹಿಂದೆ ಸರಿಯಲಿಲ್ಲ. "ಹುಟ್ಟಿದ್ರ ನಾ ನಿಂದು ಹೊತಗೊತೀನಿ. ಭರಣೀನೂ ಗಾದಿ ಬಾಜೂಕಿಂದ ತಗೀತೀನಿ." ಇಬ್ಬರೂ ಕೈಮೇಲೆ ಕೈ ಹೊಡೆದರು.

ಅಲ್ಲಿಂದ ಸಾತಲಿಂಗಪ್ಪನಿಗೆ ಅಂಗಡಿ ಬೇಡ, ಊಟ ಬೇಡ. ಕರೆಂಟು ಹೋದರೆ ನದಿ ನಿಲ್ಲುತ್ತಿತ್ತು. ಆಗ ಕರೆಂಟಿನವರ ಏಳು ತಲೆಮಾರನ್ನು ಸ್ಮರಿಸುತ್ತ ತಾನೇ ತಂಬಿಗೆಯಿಂದ ಬಕೆಟ್ಟಿನ ನೀರನ್ನು ಮೇಲಕ್ಕೆ ಸುರಿಯುತ್ತ ನಿಲ್ಲುತ್ತಿದ್ದ. ಬೇಸಿಗೆಯ ನೀರು ಬಿಸಿಯಾದರೆ ಐಸು ತರಿಸುತ್ತಿದ್ದ. ಮುದುಕ ಮಳೆಗಾಲ ಅಂದಿದ್ದನಲ್ಲ? ವೈಶಾಖದಲ್ಲೇ ಮಳೆಗಾಲ ಮಾಡಲು ಹೊರಟ! ಗಿಡಕ್ಕೆ ನೀರು ಹಾಕುವ ಝಾರಿಯಿಂದ ಮೀನಿನ ಮೇಲೆ ಮಳೆ ಸುರಿಸುವುದು, ನಡುನಡುವೆ ಹಿತ್ತಾಳೆಯ ತಾಟು ಬಾರಿಸಿ ಗುಡುಗು ಮಾಡುವುದು. ಮೊದಲ ಗುಡುಗಿಗೆ ಗಿರಿಜಾಬಾಯಿ ಪೂಜೆ ಬಿಟ್ಟು ಓಡಿಬಂದಳು. "ತಾಟ ಬಾರಸಾಕತ್ತೀದಿ, ಗ್ರಹಣ ಹಿಡೀತೇನೋ? ಪಂಚಾಂಗದಾಗ ಇರಲಿಲ್ಲಲ್ಲೊ!"

ಮೀನುಗಳು ಗುಡುಗಿಗೂ ಜಗ್ಗಲಿಲ್ಲ, ಮಳೆಗೂ ಜಗ್ಗಲಿಲ್ಲ. ದಿನದಿನಕ್ಕೆ ಸೊರಗುತ್ತ ಬಂದವು. ಕಾರಣ ಸಾತಲಿಂಗಪ್ಪನಿಗೆ ಗೊತ್ತಿತ್ತು. ಆ ಕಾರಣದ ಕೈಯಲ್ಲಿ ತೆಂಗಿನ ನಾರು, ಬೂದಿ!

ಆ ಮನೆಯ ಹೆಣ್ಣುಮಕ್ಕಳ ಕೈಯೇ ಹಾಗೆ. ಗಾಜಿನ ಮೇಲೆ, ಕಲ್ಲಿನ ಮೇಲೆ ಕೂದಲೆಳೆಯಷ್ಟು ಹಸಿರು ಕಂಡರೆ ನೀಲಗಂಗಾ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಿಕ್ಕಲು ನಿಲ್ಲುತ್ತಿದ್ದಳು. ಪಂಚಗಣಿಯ ಪಾಚಿ ತಿಂದು ಬೆಳೆದ ಮೀನಿಗೆ ಸೊಲ್ಲಾಪುರದಲ್ಲಿ ಕನ್ನಡಿಯಂಥ ಕಲ್ಲು!

"ಆ ಪಾಚಿ ಅವುಗಳ ಊಟಾ! ಎಷ್ಟ ಸಲ ಹೇಳಬೇಕು?"

"ಊಟ ಇದ್ರ ತಾಟಿನ್ಯಾಗ ಹಾಕ್ರಿ. ಗ್ವಾಡಿಗಿ ಯಾಕ ಹಚ್ಚೀರಿ?"

"ನೀ ತಿಕ್ಕಿ ತಿಕ್ಕಿ ಅವನ್ನ ಉಪವಾಸ ಕೆಡವೀದಿ!"

"ಬಂದವರು ಪಡಸಾಲ್ಯಾಗ ಪಾಚಿ ನೋಡಿದ್ರ ಏನಂತಾರ? ಗಿರಿಜಾಬಾಯಿ ಸೊಸಿ ಮನಿ ಪಾಚಿ ಹಿಡಿಸ್ಯಾಳ ಅಂತಾರ. ನಿಮ್ಮ ಹೆಸರ ಹೋಗಂಗಿಲ್ರಿ, ನಂದ ಹೋಗ್ತದ!"

"ಹಿತ್ತಲದಾಗಿನ ಬಾನಿ ಪಾಚಿ ಹಿಡದು ಕುಂತದ, ಅದಕ್ಕ ನಿನ್ನ ಹೆಸರ ಹೋಗಂಗಿಲ್ಲೇನು?"

"ಅದಕ್ಕ ನಿಮ್ಮ ಹೆಸರ ಹೋಗ್ತದ. ತೋಟಿ ರಿಪೇರಿ ಮಾಡಸಬೇಕಾದವರು ನೀವು!"

ಸಾತಲಿಂಗಪ್ಪ ಎದ್ದು ಅಂಗಡಿಗೆ ಹೋದ. ವಾದದಲ್ಲಿ ಸೋತಾಗ ಅವನಿಗೆ ಅಂಗಡಿ ನೆನಪಾಗುತ್ತಿತ್ತು.

ಕಾರಹುಣ್ಣಿವೆ ಮುಗಿದ ಮೂರನೆಯ ದಿನ ಅಕ್ಕಲಕೋಟೆಯ ಹತ್ತಿರದ ಹಳ್ಳಿಯಿಂದ ನೀಲಗಂಗಾಳ ತಂದೆ ಬಂಡೆಪ್ಪ, ತಾಯಿ ಕಲ್ಯಾಣಮ್ಮ ಬಂದರು. ತವರಿನವರು ಬರುತ್ತಾರೆಂದರೆ ಕೇಳಬೇಕೇ? ನೀಲಗಂಗಾ ಬೆಳಿಗ್ಗೆಯೇ ನದಿ ನಿಲ್ಲಿಸಿ, ಹನ್ನೆರಡೂ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಹಿತ್ತಲಿಗೆ ಒಯ್ದು, ನೆನೆಯಲೆಂದು ಆ ಬಾನಿಯಲ್ಲಿ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ಒಂದೊಂದೇ ತೆಗೆದು ತಿಕ್ಕಿ ತೊಳೆದು ಫಳಫಳ ಹೊಳೆಯಿಸಿ ತಂದಿಟ್ಟಳು. ಅತ್ತೆಮಾವ ಬಂದರು, ಹೋಳಿಗೆ ಉಂಡರು, ನದಿ ನೋಡಿದರು. ಬಂಡೆಪ್ಪ ಮೀಸೆ ತಿರುವಿ, "ಅಳಿಯಾವ್ರ, ನೀರ ಅದ, ಕಲ್ಲ ಅದಾವ. ಮೀನ ಎಲ್ಲಿ ಅದಾವ?" ಎಂದು ಕೇಳಿದ.

ಸಾತಲಿಂಗಪ್ಪ ಬಗ್ಗಿದ. ಕಲ್ಲು ಎತ್ತಿದ. ಬಕೆಟ್ಟು ಮಗುಚಿದ. ಮೋಟಾರು ಬಿಚ್ಚಿದ. ಒಂದು ಮೀನೂ ಇಲ್ಲ!

"ನೀ ಏನ ಮಾಡಿದಿ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ನಾ ಕಲ್ಲ ತೊಳದೀನಿ. ಮೀನ ತೊಳದಿಲ್ಲ! ನನ್ನ ಕೈಯಾಗ ಒಂದ ಮೀನ ಕಂಡಿದ್ರ ಆಣಿ!" ಎಂದಳು ನೀಲಗಂಗಾ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಲ್ಲಿನ ಬಣ್ಣದ ಮೀನು ಕಲ್ಲಿನ ಅಡಿಗೆ ಅಂಟಿ ಕೂತರೆ ಯಾರಿಗೆ ಕಾಣಬೇಕು? ಸಾತಲಿಂಗಪ್ಪ ಅವಳು ಕಲ್ಲು ತಿಕ್ಕಿದ ಜಾಗವನ್ನೆಲ್ಲ ಬೆರಳಿಟ್ಟು ನೋಡಿದ. ಬಾನಿಯ ಕಡೆ ಮಾತ್ರ ನೋಡಲಿಲ್ಲ. ಎಂಟು ತಿಂಗಳಿಂದ ಆ ಬಾನಿಯನ್ನು ನೋಡದಂತೆ ನಡೆಯುವುದನ್ನು ಅವನು ಚೆನ್ನಾಗಿ ರೂಢಿ ಮಾಡಿಕೊಂಡಿದ್ದ. ನೋಡಿದರೆ ತೋಟಿ ಕಾಣುತ್ತಿತ್ತಲ್ಲ!

ಆಗ ಗಿರಿಜಾಬಾಯಿ ಪಾಪ, ಮಾತಿಗೆ ಮಾತು ಅಂದಳು: "ಮುಂಜಾನೆ ಮಲಕಾಜಪ್ಪ ಬಂದಿದ್ದ, ಬೀಗರನ್ನ ಮಾತಾಡಸಾಕ. ಅವರಿನ್ನಾ ಬಂದಿರಲಿಲ್ಲ. ಒಂದು ತಂಬಗಿ ತಗೊಂಡು, ಅದರ ಬಾಯಿಗಿ ಕೈ ಮುಚಗೊಂಡು ಹ್ವಾದ."

ತಂಬಿಗೆ! ಸಾತಲಿಂಗಪ್ಪನ ತಲೆಯಲ್ಲಿ ದೀಪ ಹತ್ತಿತು. ತಂಬಿಗೆಯಲ್ಲಿ ಎಂಟು ಮೀನು ಹಿಡಿಯುತ್ತವೆ! ಹೋಳಿಗೆಯ ಕೈ ತೊಳೆಯದೆ, ಅಂಗಿಯ ಗುಂಡಿ ಹಾಕದೆ, ಚಾಟಿ ಗಲ್ಲಿಗೆ ಓಡಿದ. ಮಲಕಾಜಪ್ಪ ಮೂರು ಗಿರಾಕಿಗಳ ಮುಂದೆ ಚಾದರು ಬಿಚ್ಚಿ ಹರವಿ ಕೂತಿದ್ದ.

"ತಂಬಗ್ಯಾಗ ಏನಿತ್ತೋ ಮಲಕಾಜಿ?"

"ಮಜ್ಜಿಗಿ! ನಿಮ್ಮವ್ವ ಕೊಟ್ಟಾಳ."

"ಮಜ್ಜಿಗಿ ಒಯ್ಯೂ ಮಂದಿ ತಂಬಗಿ ಬಾಯಿಗಿ ಕೈ ಮುಚಗೊಂಡು ಹೋಗ್ತಾರೇನು?"

"ಚೆಲ್ಲಬಾರದಂತ ಮುಚ್ಚಿದ್ನೋ! ಯಾಕ, ಏನಾತು?"

"ಮಾತ ಸೋಲ್ತೀನಂತ ನನ್ನ ಮೀನ ಕದ್ದೀದಿ! ಕಳ್ಳ!"

ಗಲ್ಲಿ ಪೂರ್ತಿ ನೆರೆಯಿತು. ಮಲಕಾಜಪ್ಪನ ಮುಖ ಅವನ ಭರಣಿಯ ಮೀನಿನ ಬಣ್ಣಕ್ಕೆ ಬಂತು. "ನನ್ನ ಎರಡು ಮೀನ ಸಾಕೂದ ನಂಗ ಹೊರಿ ಆಗ್ಯಾದ. ನಿನ್ನ ಎಂಟು ಕರೀ ಮೀನ ಒಯ್ದು ಏನ ಸಾರ ಮಾಡ್ಲಿ? ನಾನೂ ಲಿಂಗವಂತ ಅದೀನೋ! ಮೂವತ್ತ ವರ್ಷದ ದೋಸ್ತಿ, ಕಳ್ಳ ಅಂತೀದಿ? ಪಂಚಮಿ ದಿನಾ ಚಾದರಾ ತಗೊಂಡು ಬರ್ತೀನಿ. ಮೀನ ಇರ್ಲಿ ಬಿಡ್ಲಿ, ಮಾತ ಮಾತ!"

ಅಂದಿನಿಂದ ಎರಡು ಅಂಗಡಿಗಳ ನಡುವೆ ಮಾತು ನಿಂತಿತು. ಚಹಾ ಮಾರುವವನು ಎರಡು ಕಡೆಗೂ ಬೇರೆ ಬೇರೆ ಕೂಗು ಹಾಕಬೇಕಾಯಿತು. ಇತ್ತ ಮನೆಯಲ್ಲಿ ಮೀನಿಲ್ಲದ ನದಿ ಸುಮ್ಮನೆ ಹರಿಯುತ್ತಿತ್ತು. ಸಾತಲಿಂಗಪ್ಪ ಮೋಟಾರು ನಿಲ್ಲಿಸಲು ಒಪ್ಪಲಿಲ್ಲ. ನಿಲ್ಲಿಸಿದರೆ ಸೋತಂತಲ್ಲವೇ! ಹೊರಗೆ ಆಷಾಢದ ಮಳೆ ಸುರಿಯುತ್ತಿತ್ತು, ಒಳಗೆ ಅವನು ಗಾಜಿನ ಮುಂದೆ ಕೂತು, "ಮೂವತ್ತ ವರ್ಷದ ದೋಸ್ತ! ಒಂದ ಮಾತಿನ ಸಲುವಾಗಿ ಕದೀತಾನ!" ಎಂದು ಹಲ್ಲು ಕಡಿಯುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಮೀನು ಹೋದದ್ದಕ್ಕಿಂತ ಮಧ್ಯಾಹ್ನದ ಚಹಾ ಒಬ್ಬನೇ ಕುಡಿಯುವುದು ಹೆಚ್ಚು ಉರಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಪಂಚಮಿಯ ಮುನ್ನಾದಿನ ಬಂಡೆಪ್ಪ ಮಗಳನ್ನು ಹಬ್ಬಕ್ಕೆ ಕರೆದೊಯ್ಯಲು ಮತ್ತೆ ಬಂದ. ನೀಲಗಂಗಾ ಟ್ರಂಕು ಕಟ್ಟಿ ಪಡಸಾಲೆಯಲ್ಲಿಟ್ಟು ಗಂಡನ ಮುಂದೆ ನಿಂತಳು.

"ಇವತ್ತ ನಾ ಹೋಗೂದ್ರಾಗ ತೋಟಿ ರಿಪೇರಿ ಆಗಬೇಕು. ಆಗಲಿಲ್ಲಂದ್ರ ನಾ ತವರುಮನ್ಯಾಗ ದೀಪಾವಳಿನೂ ಮಾಡ್ತೀನಿ, ಸಂಕ್ರಾಂತಿನೂ ಮಾಡ್ತೀನಿ!"

ಮಗಳ ಮಾತಿಗೆ ಬಂಡೆಪ್ಪ ಪಕ್ಕದಲ್ಲಿ ಕೂತು ತಲೆಯಾಡಿಸಿದ. ಮೀನು ಹೋಗಿದೆ, ದೋಸ್ತ ಹೋಗಿದ್ದಾನೆ, ನಾಳೆ ಮಾನ ಹೋಗುವುದಿದೆ; ಈಗ ಹೆಂಡತಿಯೂ ಹೋದರೆ? ಸಾತಲಿಂಗಪ್ಪ ಮದುವೆಯಾದ ಮೇಲೆ ಮೊದಲ ಸಲ ಮಾತಿಗೆ ಮಾತು ಕೊಡದೆ ಚಪ್ಪಲಿ ಮೆಟ್ಟಿ ಹೋಗಿ, ನಳ ರಿಪೇರಿಯ ತುಕಾರಾಮನನ್ನು ಕರೆದುಕೊಂಡೇ ಬಂದ.

ತುಕಾರಾಮ ಟಾಕಿಯ ಮುಂದೆ ಕೂತು, ತೋಟಿ ಬಿಚ್ಚಿ, ಒಳಗಿನ ಚರ್ಮದ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ಅದು ಕೊಳೆತು ಹುಣಸೆಹಣ್ಣಾಗಿತ್ತು. ಅದನ್ನು ತಿಪ್ಪೆಗೆ ಎಸೆದು, ಹೊಸ ಬಿಲ್ಲೆ ಹಾಕಿ, ಬಿಗಿದ. ಹತ್ತು ತಿಂಗಳು ಹಗಲಿರುಳು ಸೋರಿದ ಧಾರೆ ಟಪ್ ಎಂದು ನಿಂತಿತು. ತುಕಾರಾಮ ಕೈ ಒರೆಸಿಕೊಂಡು, ಚಹಾ ಕುಡಿಯಲು ಕಟ್ಟೆಗೆ ಹೋದ.

ನೀಲಗಂಗಾಳ ಮುಖದಲ್ಲಿ ಗೆಲುವು. ಅವಳೂ ಮಾತಿಗೆ ತಪ್ಪುವವಳಲ್ಲ. ಸೀರೆ ಸಿಕ್ಕಿಸಿ, ನಾರು ಬೂದಿ ಹಿಡಿದು, ಬಾನಿಯ ಮುಂದೆ ಕುಕ್ಕರಿಸಿದಳು. ಸರಿಯಾಗಿ ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಮಲಕಾಜಪ್ಪ! ಬಗಲಲ್ಲಿ ಮಡಿಚಿದ ಹೊಸ ಚಾದರು, ಕೆಂಪು ಹಸುರು ಹೂವಿನದು. ಗಿರಿಜಾಬಾಯಿಯ ಕಡೆ ತಿರುಗಿ, "ಅವ್ವಾರ, ನಾಳೆ ಹಬ್ಬ, ಅಂಗಡಿ ಬಂದ್. ಅದಕ್ಕ ಇವತ್ತ ತಂದೀನಿ. ಹೇಳ್ರಿ ಅವಗ" ಎಂದ. ಎದುರಿಗೆ ನಿಂತ ದೋಸ್ತನಿಗೆ ನೇರ ಹೇಳಲು ಮಾತು ಬಿಟ್ಟಿತ್ತಲ್ಲ!

"ಯವ್ವಾ, ಅವಗ ಹೇಳು, ಕಳ್ಳರ ಕೈಯಿಂದ ನಾ ಚಾದರಾ..." ಎಂದು ಸಾತಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಹಿತ್ತಲಿನಿಂದ ಚೀರಾಟ.

"ಅಯ್ಯಯ್ಯ! ಓಡ ಬರ್ರಿ! ಬಾನ್ಯಾಗ ಏನೋ ಮಿಸುಗಾಡಾಕತ್ತದ!"

ಎಲ್ಲರೂ ಓಡಿದರು. ನೀಲಗಂಗಾ ಒಂದು ಅಂಗೈಯಗಲ ತಿಕ್ಕಿದ್ದಳು. ಪಾಚಿ ಸರಿದ ಜಾಗದಲ್ಲಿ ಬಾನಿಯ ಗೋಡೆಗೆ ಅಂಟಿಕೊಂಡು ದಪ್ಪದಪ್ಪ ಕಲ್ಲಂಟಿ! ಒಂದು, ಎರಡು, ಎಂಟು! ಪಂಚಗಣಿಯಲ್ಲಿ ಕೂಡ ಇಷ್ಟು ದಪ್ಪ ಇರಲಿಲ್ಲ. ಅವುಗಳ ಸುತ್ತ ಜೋಳದ ಕಾಳಿನಷ್ಟು ಉದ್ದದ, ಎಣಿಸಲಾಗದಷ್ಟು, ಕಣ್ಣು ಮಾತ್ರ ಕಾಣುವ ಮರಿಗಳು! ತಿನ್ನಲು ಹತ್ತು ತಿಂಗಳ ಪಾಚಿ, ಮೇಲಿಂದ ಸದಾ ಬೀಳುವ ತಣ್ಣನೆಯ ಹೊಸ ನೀರು, ಕರೆಂಟು ಹೋಗುವ ಕಾಟವಿಲ್ಲ, ತಾಟು ಬಾರಿಸುವ ಗಲಾಟೆಯಿಲ್ಲ. ಇನ್ನೇನು ಬೇಕು ಸಂಸಾರಕ್ಕೆ?

"ಮರಿ! ಮರಿ ಹುಟ್ಟ್ಯಾವ! ನಾ ಗೆದ್ನಿ!" ಸಾತಲಿಂಗಪ್ಪ ಹಿತ್ತಲಿನಲ್ಲಿ ಕುಣಿದ. ಕುಣಿಯುತ್ತಲೇ ಮಲಕಾಜಪ್ಪನ ಕೈ ಹಿಡಿಯಲು ಹೋಗಿ, ನೆನಪಾಗಿ, ಅರ್ಧದಲ್ಲೇ ನಿಂತ.

"ಅವ್ವಾರ, ನಿಮ್ಮ ಮಗಗ ಕೇಳ್ರಿ, 'ನನ್ನ ಈ ನದ್ಯಾಗ' ಅಂದಿದ್ದ. ಇದು ನದಿ ಏನು? ಎಮ್ಮಿ ಬಾನಿ!" ಎಂದ ಮಲಕಾಜಪ್ಪ.

"ಬಾನಿ ನಂದ! ಮೀನ ನಂದ! ಮರಿ ನಂದ!"

"ಬಾಯಿ ಮುಚ್ಚು!" ಎಂದಳು ಗಿರಿಜಾಬಾಯಿ. ಆ ಮನೆಯಲ್ಲಿ ಆ ಮಾತಿನ ಮೇಲೆ ಮಾತಿರಲಿಲ್ಲ. "ಹಿತ್ತಲ ಗಿಡ ಮದ್ದಲ್ಲ ಅಂತಾರ, ನಿನಗ ಹಿತ್ತಲ ಬಾನಿ ನದಿ ಅನಿಸಲಿಲ್ಲ. ಗಾಜು ತಂದಿ, ಮೋಟಾರ ತಂದಿ, ಗುಡುಗ ತಂದಿ. ಮೀನ ಮನ್ಯಾಗ ಇಟಗೊಂಡು ಹಾಲಿನಂಥಾ ಹುಡುಗಗ ಬಜಾರದಾಗ ಕಳ್ಳ ಅಂದಿ. ಮೊದಲ ಆ ಚಾದರಾ ತಗೋ, ಹೊತಗೋ. ಆಮ್ಯಾಲ ಅವಗ ಚಹಾ ಕೊಡು."

ಸಾತಲಿಂಗಪ್ಪ ತಲೆ ತಗ್ಗಿಸಿದ. "ತಪ್ಪಾತು ಮಲಕಾಜಿ" ಎಂದ. ಮಲಕಾಜಪ್ಪ ಚಾದರು ಬಿಚ್ಚಿ ಅವನ ಹೆಗಲಿಗೆ ಹೊದಿಸಿ, ಒಂದು ತುದಿಯಿಂದ ತನ್ನ ಕಣ್ಣು ಒರೆಸಿಕೊಂಡ. ಸಾತಲಿಂಗಪ್ಪ ಆ ತುದಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ನೂಲ ಕಚ್ಚಾ ಅದ" ಎಂದು ಗೊಣಗಿದ. ಹಾಗೆಂದದ್ದಕ್ಕೇ ದೋಸ್ತಿ ಮತ್ತೆ ಶುರುವಾಯಿತು.

ಅಷ್ಟರಲ್ಲಿ ಬಾನಿಯ ಕಡೆಯೇ ನೋಡುತ್ತಿದ್ದ ಬಂಡೆಪ್ಪ, "ಅಳಿಯಾವ್ರ, ಮೀನ ಎಲ್ಲಾ ಮ್ಯಾಲ ಬರಾಕತ್ತಾವಲ್ರಿ. ಬಾಯಿ ಬಿಡಾಕತ್ತಾವ" ಎಂದ.

ಸಾತಲಿಂಗಪ್ಪ ತೋಟಿಯನ್ನು ನೋಡಿದ. ಒಂದು ಹನಿ ಇಲ್ಲ! ತಿರುವಿ ಬಿಟ್ಟರೆ ಧೋ ಎಂದು ಸುರಿದು ಮರಿಗಳೆಲ್ಲ ಕರಿಬೇವಿನ ಬುಡಕ್ಕೆ ಹೋಗುತ್ತವೆ. ತಿರುವದಿದ್ದರೆ ನಿಂತ ನೀರು. ಮೆಲ್ಲಗೆ ತಿರುವಿ ನೋಡಿದ. ಹೊಸ ಬಿಲ್ಲೆ! ಒಂದೋ ಪ್ರವಾಹ, ಇಲ್ಲವೇ ಬರಗಾಲ.

"ತುಕಾರಾಮ! ಏ ತುಕಾರಾಮ! ಇದನ್ನ ಮತ್ತ ಸೋರೂ ಹಂಗ ಮಾಡು! ಮೊದಲಿದ್ದ ಹಂಗ!"

ಚಹಾದ ಬಟ್ಟಲು ಹಿಡಿದು ಬಂದ ತುಕಾರಾಮನಿಗೆ ಅವಮಾನವಾಯಿತು. ಮುಖ ಕೆಂಪಗಾಯಿತು. "ಶೇಠ, ಇಪ್ಪತ್ತ ವರ್ಷಾತು ನಾ ಈ ಕೆಲಸಾ ಮಾಡಾಕತ್ತು. ಸೋರೂದ ಬಂದ್ ಮಾಡೂದು ನಂಗ ಬರ್ತದ. ಸೋರಸೂದು ನಮ್ಮ ಧಂದ್ಯಾ ಅಲ್ರಿ!"

"ಹಂಗಾರ ಆ ಹಳೀ ಬಿಲ್ಲಿ ಎಲ್ಲ್ಯದ?"

ತುಕಾರಾಮ ತಿಪ್ಪೆಯ ಕಡೆ ಬೆರಳು ತೋರಿಸಿದ. ಚಾಟಿ ಗಲ್ಲಿಯ ಪ್ರತಿಷ್ಠಿತ ವ್ಯಾಪಾರಿ ಸಾತಲಿಂಗಪ್ಪ ಶೇಠ, ಎದುರಾಳಿಯ ಅಂಗಡಿಯ ಹೂವಿನ ಚಾದರು ಹೊದ್ದು, ತಿಪ್ಪೆಯಲ್ಲಿ ಮೊಣಕಾಲೂರಿ, ಕೊಳೆತ ಬಿಲ್ಲೆ ಹುಡುಕತೊಡಗಿದ. ಮಲಕಾಜಪ್ಪ ತಂಬಿಗೆಯಿಂದ ಬಾನಿಗೆ ಸಣ್ಣಗೆ ನೀರು ಹೊಯ್ಯುತ್ತ ನಿಂತ. ಅದೇ ಮಜ್ಜಿಗೆಯ ತಂಬಿಗೆ, ಹಿಂದಿರುಗಿಸಲು ತಂದಿದ್ದನಂತೆ.

ನೀಲಗಂಗಾ ನಾರು ಕೆಳಗಿಟ್ಟು, ಕೈ ತೊಳೆದು, ಟ್ರಂಕನ್ನು ಹಿತ್ತಲ ಬಾಗಿಲಿಗೆ ಎಳೆತಂದು ಅದರ ಮೇಲೆ ಕೂತು ಸಾವಕಾಶವಾಗಿ ಅಂದಳು:

"ಹತ್ತ ತಿಂಗಳ ನನ್ನ ಮಾತ ಕೇಳಲಿಲ್ಲ, ನಿಮ್ಮ ನದಿ ಹರೀತು. ಇವತ್ತ ಒಂದ ದಿನಾ ಕೇಳಿದ್ರಿ ನೋಡ್ರಿ, ನಿಂತ ಹೋತು!"